ಛೇಂಬರ್, ತಯಾರಕರ ಸಂಘ, ವಾರದ ರೆಫರಲ್ ಗುಂಪು: ಮೂರು ಸದಸ್ಯತ್ವಗಳ ಲೆಕ್ಕ

ಎಂಟು ಜನ ದುಡಿಯುವ ನನ್ನ ಘಟಕದಲ್ಲಿ ಅಂಗಡಿ ಮತ್ತು ಗೋದಾಮುಗಳಿಗೆ ಬೇಕಾದ ತೂಕದ ಯಂತ್ರಗಳು ತಯಾರಾಗುತ್ತವೆ. ಇಷ್ಟು ಸಣ್ಣ ಉದ್ಯಮಕ್ಕೆ ವಾಣಿಜ್ಯೋದ್ಯಮ ಸಂಸ್ಥೆಯ, ಅಂದರೆ ವ್ಯಾಪಾರಿಗಳ ಬಾಯಲ್ಲಿ ‘ಛೇಂಬರ್’ ಎನಿಸಿಕೊಳ್ಳುವ ಸಂಸ್ಥೆಯ, ಸದಸ್ಯತ್ವ ಬೇಕೇ ಎಂದು ಹತ್ತಾರು ಜನರನ್ನು ಕೇಳಿ, ಹತ್ತಾರು ಬಗೆಯ ಉತ್ತರ ಬಂದಾಗ, ಮೂರು ವರ್ಷ ನಾನೇ ಸೇರಿ ನೋಡುವುದೆಂದು ತೀರ್ಮಾನಿಸಿದೆ. ಆ ಮೂರು ವರ್ಷಗಳಲ್ಲಿ ತೂಕದ ಯಂತ್ರ ತಯಾರಕರ ಸಂಘದಲ್ಲಿಯೂ ಇದ್ದೆ. ಮೊದಲ ಎರಡು ವರ್ಷ ವಾರಕ್ಕೊಮ್ಮೆ ಬೆಳಗಿನ ಹೊತ್ತು ಸೇರುವ ರೆಫರಲ್ ಗುಂಪೊಂದರಲ್ಲಿಯೂ, ಅಂದರೆ ಸದಸ್ಯರು ಒಬ್ಬರಿಗೊಬ್ಬರು ಗ್ರಾಹಕರನ್ನು ಸೂಚಿಸುವ ಗುಂಪಿನಲ್ಲಿಯೂ, ಇದ್ದೆ. ಕೊಟ್ಟ ಶುಲ್ಕ, ಕಳೆದ ಗಂಟೆ, ಕೈಗೆ ಬಂದ ಕೆಲಸ, ಇವನ್ನು ಒಂದೇ ಪುಸ್ತಕದಲ್ಲಿ ಬರೆದಿಡುತ್ತಿದ್ದುದರಿಂದ ಹೋಲಿಕೆ ಸುಲಭವಾಯಿತು.

ಸೇರಬೇಕೇ ಬೇಡವೇ ಎಂಬ ಆಯ್ಕೆಯೇ ಎಲ್ಲ ದೇಶಗಳಲ್ಲಿಯೂ ಇಲ್ಲ. 1599ರಲ್ಲಿ ಫ್ರಾನ್ಸಿನ ಮಾರ್ಸೇ ನಗರದಲ್ಲಿ ಹುಟ್ಟಿದ ಸಂಸ್ಥೆಯನ್ನು ಛೇಂಬರ್‌ಗಳಲ್ಲೆಲ್ಲ ಹಿರಿಯದೆಂದು ಪರಿಗಣಿಸಲಾಗುತ್ತದೆ. ಫ್ರಾನ್ಸ್ ಮತ್ತು ಜರ್ಮನಿಗಳಲ್ಲಿ ಇವು ಕಾನೂನಿನಿಂದ ರಚಿತವಾದ ಸಾರ್ವಜನಿಕ ಸಂಸ್ಥೆಗಳು. ಜರ್ಮನಿಯಲ್ಲಂತೂ ಉದ್ಯಮಗಳ ಸದಸ್ಯತ್ವವೇ ಕಡ್ಡಾಯ. ಬ್ರಿಟನ್, ಅಮೆರಿಕ ಮತ್ತು ಭಾರತದಲ್ಲಾದರೋ ಇವು ಖಾಸಗಿ ಸಂಘಗಳಾಗಿದ್ದು, ಇಷ್ಟವಿದ್ದವರು ಸೇರುತ್ತಾರೆ, ಸಾಕೆನಿಸಿದವರು ಬಿಡುತ್ತಾರೆ. ನನ್ನ ಲೆಕ್ಕ ಈ ಎರಡನೆಯ ಬಗೆಯ ಛೇಂಬರ್‌ಗೆ ಸಂಬಂಧಿಸಿದ್ದು.

ಗ್ರಾಹಕರು ಸಿಗುತ್ತಾರೆಂಬ ಆಸೆಯಿಂದಲೇ ಹೆಚ್ಚಿನವರು ಛೇಂಬರ್ ಸೇರುತ್ತಾರೆ. ನಾನೂ ಹಾಗೆಯೇ ಸೇರಿದೆ. ಮೊದಲ ವರ್ಷ ಒಂದೂ ಬಿಡದೆ ಸಮಾರಂಭಗಳಿಗೆ ಹೋಗಿ ಕೈತುಂಬ ವಿಸಿಟಿಂಗ್ ಕಾರ್ಡ್‌ಗಳನ್ನು ತಂದೆ, ಆದರೆ ಒಂದೇ ಒಂದು ಯಂತ್ರವೂ ಅದರಿಂದ ಮಾರಾಟವಾಗಲಿಲ್ಲ. ಕಾರಣ ಯೋಚಿಸಿದರೆ ಸರಳ: ಅಲ್ಲಿಗೆ ಬಂದವರಲ್ಲಿ ಮುಕ್ಕಾಲು ಪಾಲು ಜನ ನನ್ನಂತೆಯೇ ಮಾರಲು ಬಂದವರು. ದೊಡ್ಡ ಕಂಪನಿಗಳಿಂದ ಬರುವ ಪ್ರತಿನಿಧಿಗಳು ವೇದಿಕೆಯ ಮೇಲಿರುತ್ತಾರೆ, ಮತ್ತು ಖರೀದಿಯ ತೀರ್ಮಾನ ಅವರ ಕೈಯಲ್ಲಿರುವುದಿಲ್ಲ.

ಈ ವಿಷಯದಲ್ಲಿ ರೆಫರಲ್ ಗುಂಪು ಸ್ಪಷ್ಟವಾಗಿ ಮೇಲು. ಒಂದು ವೃತ್ತಿಗೆ ಒಬ್ಬರೇ ಸದಸ್ಯರೆಂಬುದು ಅದರ ಮೂಲ ನಿಯಮ. 1905ರಲ್ಲಿ ಷಿಕಾಗೋದಲ್ಲಿ ಆರಂಭವಾದ ರೋಟರಿ ಕ್ಲಬ್ ಕೂಡ ಸದಸ್ಯರನ್ನು ವೃತ್ತಿವಾರು ಹಾಗೆಯೇ ಆರಿಸುತ್ತಿತ್ತು. ನಾನಿದ್ದ ಗುಂಪಿನಲ್ಲಿ ಮತ್ತೊಬ್ಬ ತೂಕದ ಯಂತ್ರದವನಿಗೆ ಜಾಗವಿರಲಿಲ್ಲವಾದ್ದರಿಂದ ಹೊಸ ಅಂಗಡಿ ತೆರೆಯುವವರ ಸುದ್ದಿ ಯಾರ ಕಿವಿಗೆ ಬಿದ್ದರೂ ಅದು ನೇರವಾಗಿ ನನಗೇ ಬರುತ್ತಿತ್ತು, ಅದರಿಂದ ಮಾರಾಟವೂ ಆಯಿತು. ಆದರೆ ಅದರ ನಿಜವಾದ ಬೆಲೆ ಶುಲ್ಕದ ರಸೀದಿಯಲ್ಲಿ ಕಾಣುವುದಿಲ್ಲ. ವಾರಕ್ಕೆ ಒಂದೂವರೆ ಗಂಟೆಯೆಂದರೆ 52 ವಾರಗಳಿಗೆ 78 ಗಂಟೆ, ಅಂದರೆ ಪ್ರಯಾಣವನ್ನು ಬಿಟ್ಟರೂ ಹತ್ತಿರ ಹತ್ತಿರ ಹತ್ತು ಪೂರ್ತಿ ಕೆಲಸದ ದಿನಗಳು. ಇಷ್ಟೇ ಅಲ್ಲದೆ, ಪ್ರತಿ ವಾರ ಬೇರೆಯವರಿಗೂ ಕೆಲಸ ಹುಡುಕಿಕೊಡಬೇಕೆಂಬ ಒತ್ತಡವಿರುತ್ತದೆ. ಕೈಯಲ್ಲಿ ಏನೂ ಇಲ್ಲದ ವಾರ, ಗ್ರಾಹಕರ ಹೆಸರು ಬರೆದುಕೊಡುವ ಚೀಟಿಯನ್ನು ಖಾಲಿ ಬಿಡಬಾರದೆಂದು ಅರ್ಧ ಮನಸ್ಸಿನ ಹೆಸರೊಂದನ್ನು ಬರೆದುಕೊಟ್ಟದ್ದೂ ಉಂಟು. ನನಗೆ ಬಂದ ಚೀಟಿಗಳಲ್ಲಿಯೂ ಅಂಥವು ಕಡಿಮೆಯೇನೂ ಇರಲಿಲ್ಲ.

ಅದಕ್ಕಿಂತ ಮುಖ್ಯವಾದುದನ್ನು ನಾನು ಎರಡನೆಯ ವರ್ಷದ ಕೊನೆಗೆ ಗಮನಿಸಿದೆ. ಗುಂಪಿನಿಂದ ಹೆಚ್ಚು ಲಾಭ ಪಡೆದವರು ಲೆಕ್ಕಪರಿಶೋಧಕರು, ವಿಮಾ ಏಜೆಂಟರು ಮತ್ತು ಬಣ್ಣದ ಕೆಲಸದವರು. ಇವರಲ್ಲಿ ಕೆಲವರ ಗ್ರಾಹಕರು ವರ್ಷವರ್ಷವೂ ಮರಳಿ ಬರುತ್ತಾರೆ, ಉಳಿದವರ ಕೆಲಸ ಮನೆಮನೆಗೂ ಬೇಕಾಗುತ್ತದೆ. ಒಮ್ಮೆ ಕೊಂಡ ತೂಕದ ಯಂತ್ರ ಹತ್ತು ವರ್ಷ ಬಾಳುತ್ತದೆ. ಹಾಗಾಗಿ ಗುಂಪಿನ ಸದಸ್ಯರ ಪರಿಚಯದ ವಲಯವನ್ನು ಒಮ್ಮೆ ಸುತ್ತಿ ಮುಗಿಸಿದ ಮೇಲೆ ನನ್ನ ಬಾವಿ ಬತ್ತಿತು.

ಛೇಂಬರ್‌ನ ಬೆಲೆ ನನಗೆ ತಿಳಿದದ್ದು ಅದರ ಸಭಾಂಗಣದಲ್ಲಲ್ಲ, ದಾಖಲೆ ವಿಭಾಗದ ಕಿಟಕಿಯ ಮುಂದೆ. ಪರದೇಶದ ಖರೀದಿದಾರರೊಬ್ಬರು ಸರಕಿನೊಂದಿಗೆ ಮೂಲ ಪ್ರಮಾಣಪತ್ರವನ್ನು, ಅಂದರೆ ಸರಕು ಯಾವ ದೇಶದಲ್ಲಿ ತಯಾರಾಯಿತೆಂದು ದೃಢೀಕರಿಸುವ ಕಾಗದವನ್ನು, ಕೇಳಿದರು. ಇದನ್ನು ಜಗತ್ತಿನ ಬಹುಪಾಲು ದೇಶಗಳಲ್ಲಿ ಛೇಂಬರ್‌ಗಳು ಕೊಡುತ್ತವೆ. ಇನ್‌ವಾಯ್ಸ್ ಮತ್ತು ಕಚ್ಚಾ ಸಾಮಗ್ರಿಯ ವಿವರಗಳನ್ನು ಒಪ್ಪಿಸಿದ ಮರುದಿನವೇ ಮುದ್ರೆಯೊತ್ತಿದ ಪತ್ರ ಸಿಕ್ಕಿತು. ಆದರೆ ನಾನೊಂದು ತಪ್ಪು ಮಾಡಿದ್ದೆ: ಈ ಪತ್ರವಿದ್ದರೆ ಖರೀದಿದಾರರಿಗೆ ಆಮದು ಸುಂಕದಲ್ಲಿ ರಿಯಾಯಿತಿ ಸಿಗುತ್ತದೆಂದು ಮಾತು ಕೊಟ್ಟಿದ್ದೆ. ಮೂಲ ಪ್ರಮಾಣಪತ್ರದಲ್ಲಿ ಎರಡು ಬಗೆ. ವ್ಯಾಪಾರ ಒಪ್ಪಂದದ ಅಡಿಯಲ್ಲಿ ಸುಂಕ ರಿಯಾಯಿತಿ ಕೊಡಿಸುವ ಪತ್ರ ಒಂದು. ಮೂಲವನ್ನಷ್ಟೇ ಹೇಳಿ ರಿಯಾಯಿತಿ ಕೊಡಿಸದ ಪತ್ರ ಇನ್ನೊಂದು. ನನ್ನ ಕೈಯಲ್ಲಿದ್ದದ್ದು ಎರಡನೆಯದು. ಆ ವ್ಯತ್ಯಾಸದ ಹಣವನ್ನು ನನ್ನ ಲಾಭದಿಂದಲೇ ತುಂಬಿಕೊಟ್ಟೆ. ಕಿಟಕಿಯಲ್ಲಿ ಕುಳಿತಿದ್ದ ಸಿಬ್ಬಂದಿಯನ್ನು ಮೊದಲೇ ಕೇಳಿದ್ದರೆ ಎರಡು ನಿಮಿಷದಲ್ಲಿ ಹೇಳುತ್ತಿದ್ದರು.

ಮುಂದಿನ ವರ್ಷ ಹೊರದೇಶದ ಪ್ರದರ್ಶನವೊಂದಕ್ಕೆ ಮೂರು ಯಂತ್ರಗಳನ್ನು ಒಯ್ಯುವ ಮುನ್ನ ಕೇಳಿಯೇ ಹೋದೆ. ಮರಳಿ ತರುವ ಮಾದರಿಗಳಿಗೆ ಸುಂಕವನ್ನಾಗಲಿ ಠೇವಣಿಯನ್ನಾಗಲಿ ಆ ದೇಶದಲ್ಲಿ ಕಟ್ಟಬೇಕಾಗದಂತೆ ಮಾಡುವ ಎಟಿಎ ಕಾರ್ನೆಟ್ ಎಂಬ ದಾಖಲೆ ಇರುವುದು ಆಗಲೇ ನನಗೆ ಗೊತ್ತಾದದ್ದು. 1961ರ ಅಂತರರಾಷ್ಟ್ರೀಯ ಒಪ್ಪಂದದ ಮೇಲೆ ನಿಂತಿರುವ ಈ ವ್ಯವಸ್ಥೆ ಛೇಂಬರ್‌ಗಳ ಖಾತರಿ ಜಾಲದ ಮೂಲಕವೇ ನಡೆಯುತ್ತದೆ. ಇದರ ಅವಧಿ ಹೆಚ್ಚೆಂದರೆ ಒಂದು ವರ್ಷ. ಪ್ರತಿ ಬಾರಿ ಗಡಿ ದಾಟುವಾಗಲೂ ಕಸ್ಟಮ್ಸ್‌ನವರಿಂದ ಮುದ್ರೆ ಹಾಕಿಸಿಕೊಳ್ಳಬೇಕು. ತಪ್ಪಿದರೆ ಸರಕು ಅಲ್ಲಿಯೇ ಉಳಿಯಿತೆಂದು ಭಾವಿಸಿ ಸುಂಕ ಕೇಳಬಹುದು. ಪ್ರದರ್ಶನದ ಕೊನೆಯ ದಿನ ಒಬ್ಬರು ಒಂದು ಯಂತ್ರವನ್ನು ಅಲ್ಲಿಯೇ ಕೊಳ್ಳುತ್ತೇನೆಂದಾಗ, ಅದು ಮರಳಿ ಹೋಗಬೇಕಾದ ಸರಕೆಂದು ವಿವರಿಸಿ, ಊರಿಗೆ ಬಂದ ಮೇಲೆ ಬೇರೊಂದನ್ನು ಕಳುಹಿಸಿಕೊಟ್ಟೆ.

ಇಲ್ಲೊಂದು ಮಾತನ್ನು ಸೇರಿಸಬೇಕು. ಎಷ್ಟೋ ಛೇಂಬರ್‌ಗಳು ಈ ದಾಖಲೆಗಳನ್ನು ಸದಸ್ಯರಲ್ಲದವರಿಗೂ ಹೆಚ್ಚಿನ ದರಕ್ಕೆ ಕೊಡುತ್ತವೆ. ಆದುದರಿಂದ ಸೇರುವ ಮುನ್ನ ಎರಡು ದರಗಳ ಅಂತರವನ್ನು ಕೇಳಿ ತಿಳಿದು, ವರ್ಷಕ್ಕೆ ಎಷ್ಟು ಪತ್ರ ಬೇಕಾದೀತೆಂದು ಲೆಕ್ಕ ಹಾಕುವುದು ಒಳ್ಳೆಯದು. ವರ್ಷಕ್ಕೆ ಒಂದೋ ಎರಡೋ ಪತ್ರ ಸಾಕೆನ್ನುವವರು ಹೊರಗಿನಿಂದಲೇ ಕೊಳ್ಳುವುದು ಅಗ್ಗವಾಗಬಹುದು. ರಫ್ತಿನ ಗೊಡವೆಯೇ ಇಲ್ಲದ ಕ್ಷೌರದಂಗಡಿಗೋ ಹೊಲಿಗೆಯಂಗಡಿಗೋ ಈ ಕಿಟಕಿಯಿಂದ ಏನೂ ಪ್ರಯೋಜನವಿಲ್ಲ.

ತಯಾರಕರ ಸಂಘದ್ದು ಬೇರೆಯೇ ಗುಣ. ತೂಕದ ಯಂತ್ರಕ್ಕೆ ಮಾಪನ ಇಲಾಖೆಯ ಪರಿಶೀಲನೆ ಮತ್ತು ಮುದ್ರೆ ಬೇಕಾಗುತ್ತದೆ. ನಿಖರತೆಯ ವರ್ಗಗಳನ್ನು ಅಂತರರಾಷ್ಟ್ರೀಯ ಕಾನೂನು ಮಾಪನ ಸಂಸ್ಥೆಯ ‘ಆರ್ 76’ ಶಿಫಾರಸು ವಿವರಿಸುತ್ತದೆ. ಇದರ ಬಗ್ಗೆ ಛೇಂಬರ್‌ನಲ್ಲಿ ಕೇಳಿದಾಗ ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ, ಅದರಲ್ಲಿ ಅವರ ತಪ್ಪೂ ಇಲ್ಲ. ಸಂಘದಲ್ಲಾದರೋ ಪಕ್ಕದ ಕುರ್ಚಿಯವರೇ ಹಿಂದಿನ ವಾರ ಅದೇ ಪರೀಕ್ಷೆಯಲ್ಲಿ ಸೋತು ಬಂದಿದ್ದರು. ತಾಪಮಾನ ಬದಲಾದಾಗ ಲೋಡ್ ಸೆಲ್‌ನ, ಅಂದರೆ ಯಂತ್ರದೊಳಗೆ ಭಾರವನ್ನು ಅಳೆಯುವ ಭಾಗದ, ಓದು ಎಲ್ಲಿ ಜಾರುತ್ತದೆಂದು ಕಾಗದದ ಮೇಲೆ ಬರೆದು ತೋರಿಸಿದರು. ನನ್ನ ಮೂರು ವರ್ಷದ ಪುಸ್ತಕದಲ್ಲಿ ಗಂಟೆಗೆ ಅತಿ ಹೆಚ್ಚು ಫಲ ಕೊಟ್ಟ ಭೇಟಿ ಅದೇ.

ಆದರೆ ಅಲ್ಲಿರುವವರೆಲ್ಲ ಪ್ರತಿಸ್ಪರ್ಧಿಗಳೆಂಬುದನ್ನು ಮರೆಯುವಂತಿಲ್ಲ. ತಾಂತ್ರಿಕ ತೊಂದರೆಗಳನ್ನು ಧಾರಾಳವಾಗಿ ಹಂಚಿಕೊಳ್ಳುವ ಅವರು ಗ್ರಾಹಕರ ಹೆಸರನ್ನು ಮಾತ್ರ ಬಾಯಿ ಬಿಡುವುದಿಲ್ಲ; ನಾನೂ ಬಿಡುವುದಿಲ್ಲ. ಒಮ್ಮೆ ಸಭೆ ಮುಗಿದ ಮೇಲೆ ಮಾತು, ಎಲ್ಲರೂ ಒಂದೇ ದರ ಇಟ್ಟರೆ ಹೇಗೆ ಎಂಬಲ್ಲಿಗೆ ತಿರುಗಿತು. ಸ್ಪರ್ಧಿಗಳು ಕೂಡಿ ದರ ನಿಗದಿ ಮಾಡುವುದು ಸ್ಪರ್ಧಾ ಕಾನೂನು ಇರುವ ಕಡೆಯೆಲ್ಲ ಅಪರಾಧವೋ ದಂಡಾರ್ಹವೋ ಆಗಿರುವುದರಿಂದ ನಾನು ಎದ್ದು ಹೊರಗೆ ಬಂದೆ. ಕೆಲವರಿಗೆ ಅದು ಹಿಡಿಸಲಿಲ್ಲ.

ಸರ್ಕಾರದ ಮುಂದೆ ಅಹವಾಲು ಒಯ್ಯುವುದನ್ನು ಛೇಂಬರೂ ಸಂಘವೂ ತಮ್ಮ ದೊಡ್ಡ ಸೇವೆಯೆಂದು ಹೇಳಿಕೊಳ್ಳುತ್ತವೆ. ಆ ಸೇವೆ ನಿಜ, ಆದರೆ ಅದನ್ನು ಸದಸ್ಯತ್ವದ ಲಾಭವೆಂದು ನನ್ನ ಪುಸ್ತಕದಲ್ಲಿ ಬರೆಯಲಾಗಲಿಲ್ಲ. ನಿಯಮವೊಂದು ಸಡಿಲವಾದರೆ ಶುಲ್ಕ ಕಟ್ಟದವನಿಗೂ ಅದರ ಫಲ ಸಿಗುತ್ತದೆ. ಹೊಸ ನಿಯಮದ ಕರಡು ಆರು ವಾರ ಮೊದಲೇ ಕೈಗೆ ಬರುವುದು ಮಾತ್ರ ಸದಸ್ಯರಿಗಷ್ಟೇ ದಕ್ಕುವ ಅನುಕೂಲ, ಮತ್ತು ಅದನ್ನು ಹೆಚ್ಚು ಸಲ ಕೊಟ್ಟದ್ದು ಸಂಘವೇ.

ಈಗ ಛೇಂಬರ್ ಮತ್ತು ಸಂಘಗಳ ಸದಸ್ಯತ್ವವನ್ನು ಉಳಿಸಿಕೊಂಡಿದ್ದೇನೆ. ಛೇಂಬರ್‌ನ ಸಮಾರಂಭಗಳನ್ನು ಪೂರ್ತಿ ಬಿಟ್ಟು, ರಫ್ತು ಉಪಸಮಿತಿಯ ಸಭೆಗಷ್ಟೇ ಹೋಗುತ್ತೇನೆ. ಹತ್ತು ಹನ್ನೆರಡು ಜನ ಕೂರುವ ಆ ಕೋಣೆಯಲ್ಲಿ ಸಣ್ಣವರ ಮಾತಿಗೂ ಕಿವಿ ಸಿಗುತ್ತದೆ. ಅಂಗಡಿಗಳಿಗೆ ನೇರವಾಗಿ ಮಾರುವವರು, ಅದರಲ್ಲಿಯೂ ಹೊಸದಾಗಿ ಆರಂಭಿಸಿದವರು, ರೆಫರಲ್ ಗುಂಪಿಗೆ ಮೊದಲು ಹೋಗುವುದೇ ಸರಿಯೆಂದು ನನಗನಿಸುತ್ತದೆ, ಎರಡು ವರ್ಷಕ್ಕೆ ಮಿತಿ ಹಾಕಿಕೊಂಡು. ಆ ಗುಂಪಿನಲ್ಲಿ ನಾನು ಬಿಟ್ಟ ಸ್ಥಾನಕ್ಕೆ ಈಗ ತಯಾರಕರಲ್ಲದ, ತೂಕದ ಯಂತ್ರದೊಂದಿಗೆ ಬಿಲ್ಲಿಂಗ್ ಯಂತ್ರ, ಪ್ರಿಂಟರ್‌ಗಳನ್ನೂ ಮಾರಿ ದುರಸ್ತಿಯನ್ನೂ ಮಾಡುವ ವ್ಯಾಪಾರಿಯೊಬ್ಬರು ಬಂದಿದ್ದಾರೆ. ಅವರ ಬಾವಿ ಇನ್ನೂ ಬತ್ತಿಲ್ಲ, ಮತ್ತು ಅವರು ಮಾರುವ ತೂಕದ ಯಂತ್ರಗಳಲ್ಲಿ ಅರ್ಧದಷ್ಟು ನನ್ನ ಘಟಕದಿಂದಲೇ ಹೋಗುತ್ತವೆ.