ಎಂಜಿಬಿಯ ಗೇರ್‌ಬಾಕ್ಸ್ ಸೋರಿಕೆ: ನೈಟ್ರೈಲ್, ವೈಟಾನ್, ಸ್ಲೀವ್

ನನ್ನ 1972ರ ಎಂಜಿಬಿ ಸ್ಪೋರ್ಟ್ಸ್ ಕಾರು ತಯಾರಾದದ್ದು ಇಂಗ್ಲೆಂಡಿನ ಅಬಿಂಗ್ಡನ್ನಿನಲ್ಲಿ. ಆ ಕಾರ್ಖಾನೆ 1980ರಲ್ಲಿ ಮುಚ್ಚಿತು, ಕಾರು ಇನ್ನೂ ಓಡುತ್ತಿದೆ. ಅದರ ಗೇರ್‌ಬಾಕ್ಸಿನ ಹಿಂಬದಿಯ ಆಯಿಲ್ ಸೀಲನ್ನು, ಅಂದರೆ ಎಣ್ಣೆ ಹೊರಗೆ ಸೋರದಂತೆ ತಡೆಯುವ ರಬ್ಬರ್ ತುಟಿಯ ಬಳೆಯನ್ನು, ನಾನು ಮೂರು ಸಲ ಬದಲಿಸಿದ್ದೇನೆ, ಮೂರೂ ಸಲ ಬೇರೆ ಬೇರೆ ಬಗೆಯಲ್ಲಿ.

ಮುಂಬದಿಯ ಸೀಲಾದರೆ ಎಂಜಿನ್ನು, ಗೇರ್‌ಬಾಕ್ಸು ಎರಡನ್ನೂ ಹೊರತೆಗೆಯಬೇಕು. ಹಿಂಬದಿಯದಕ್ಕೆ ಅಷ್ಟು ಕಷ್ಟವಿಲ್ಲ. ಕಾರನ್ನು ಸ್ಟ್ಯಾಂಡ್‌ಗಳ ಮೇಲೆ ಭದ್ರವಾಗಿ ನಿಲ್ಲಿಸಿ, ಹಿಂದಿನ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿಗೂ ಅದನ್ನು ಗೇರ್‌ಬಾಕ್ಸಿಗೆ ಜೋಡಿಸುವ ಬಿಲ್ಲೆಯಾದ ಫ್ಲ್ಯಾಂಜಿಗೂ ಸೇರಿಸಿ ಒಂದು ಗುರುತು ಹಾಕಿ, ನಾಲ್ಕು ಬೋಲ್ಟ್ ಕಳಚಬೇಕು. ನಡುವಿನ ದೊಡ್ಡ ನಟ್ ಬಿಚ್ಚಿ ಫ್ಲ್ಯಾಂಜನ್ನು ಎಳೆದರೆ ಸೀಲ್ ಕಣ್ಣೆದುರಿಗೇ ಇರುತ್ತದೆ.

ಮೊದಲ ಸಲ ನೈಟ್ರೈಲ್ ಎಂಬ ಮಾಮೂಲಿ ರಬ್ಬರಿನ ಅಗ್ಗದ ಸೀಲ್ ಹಾಕಿದೆ. ಕೆಲವೇ ವಾರಗಳಲ್ಲಿ ನೆಲದ ಮೇಲೆ ಮತ್ತೆ ಎಣ್ಣೆಯ ಹನಿ ಬಿತ್ತು. ಸೀಲನ್ನು ಬೈದುಕೊಂಡೆ. ತಪ್ಪು ಅದರದ್ದಾಗಿರಲಿಲ್ಲ. ಹಳೆಯ ಸೀಲಿನ ತುಟಿ ವರ್ಷಗಟ್ಟಲೆ ಉಜ್ಜಿ ಉಜ್ಜಿ ಫ್ಲ್ಯಾಂಜಿನ ಕತ್ತಿನ ಸುತ್ತ ಒಂದು ಗೆರೆ ಕೊರೆದಿತ್ತು. ಉಗುರು ಆಡಿಸಿದರೆ ಸಿಕ್ಕಿಕೊಳ್ಳುವಷ್ಟು ಆಳ. ಹೊಸ ತುಟಿಯೂ ಅದೇ ಗೆರೆಯ ಮೇಲೆ ಕುಳಿತಿತ್ತು.

ಎರಡನೆಯದು ವೈಟಾನ್, ಹೆಚ್ಚು ಬಿಸಿ ತಾಳುವ ರಬ್ಬರ್. ನೈಟ್ರೈಲ್ ಸುಮಾರು 100 ಡಿಗ್ರಿ ಸೆಲ್ಸಿಯಸ್ ಬಿಸಿ ತಾಳಿದರೆ ಇದು 200ರವರೆಗೂ ತಾಳುತ್ತದೆ. ಆದರೆ ರಸ್ತೆಯಲ್ಲಿ ಓಡುವ ಕಾರಿನ ಗೇರ್‌ಬಾಕ್ಸಿನ ಬಾಲಕ್ಕೆ ಆ ಶಕ್ತಿಯ ಅಗತ್ಯವೇ ಬೀಳುವುದಿಲ್ಲ. ಈ ಸಲ ಸೀಲನ್ನು ಪೂರ್ತಿ ಒಳಗೆ ತಳ್ಳದೆ, ತುಟಿ ಸವೆಯದ ಜಾಗದ ಮೇಲೆ ಬರಲಿ ಎಂದು ಎರಡು ಮಿಲಿಮೀಟರ್ ಹೊರಗೇ ನಿಲ್ಲಿಸಿದೆ. ಒಂದು ಬೇಸಿಗೆ ಕಳೆಯಿತು. ಒರಗಲು ಆಸರೆಯಿಲ್ಲದ ಸೀಲ್ ಓರೆಯಾಗಿ ಕುಳಿತಿತ್ತೇನೋ, ಚಳಿಗಾಲಕ್ಕೆ ಮತ್ತೆ ಜಿನುಗತೊಡಗಿತು. ಅದು ಬಾಳಿದಷ್ಟು ದಿನದ ಶ್ರೇಯಸ್ಸನ್ನು ನಾನು ಜಾಗಕ್ಕೆ ಕೊಡುತ್ತೇನೆ, ವೈಟಾನ್‌ಗಲ್ಲ.

ಮೂರನೆಯ ಸಲ ರಬ್ಬರನ್ನು ಬಿಟ್ಟು ಲೋಹದ ಕಡೆ ಗಮನ ಕೊಟ್ಟೆ. ಸವೆದ ಕತ್ತಿಗೆ ತೊಡಿಸುವ ತೆಳು ಸ್ಟೇನ್‌ಲೆಸ್ ಸ್ಟೀಲ್ ಸ್ಲೀವ್, ಅಂದರೆ ಕೊಳವೆಯಂಥ ಕವಚ, ಸಿಗುತ್ತದೆ. ಅದರ ಗೋಡೆ ಸುಮಾರು 0.28 ಮಿಲಿಮೀಟರ್ ದಪ್ಪವಷ್ಟೇ ಆದ್ದರಿಂದ ಮಾಮೂಲಿ ಅಳತೆಯ ಸೀಲೇ ಸಾಕು. ಸವೆಯದ ಜಾಗದಲ್ಲಿ ಮೈಕ್ರೊಮೀಟರ್ ಹಿಡಿದು ಅಳೆದು ತರಿಸಿದೆ. ಗೆರೆಯನ್ನು ಲೋಹದ ತಗ್ಗು ತುಂಬುವ ಎಪಾಕ್ಸಿ ಅಂಟಿನಿಂದ ಮುಚ್ಚಿ, ಅದು ಗಟ್ಟಿಯಾಗುವ ಮೊದಲೇ ಸ್ಲೀವಿನ ಜೊತೆ ಬಂದ ಬಟ್ಟಲನ್ನು ಇಟ್ಟು ನೇರವಾಗಿ, ಸಣ್ಣ ಸಣ್ಣ ಏಟು ಕೊಟ್ಟು ಕೂರಿಸಿದೆ. ಸೀಲಿಗಿಂತ ಹಲವು ಪಟ್ಟು ದುಬಾರಿ ನಿಜ. ಆದರೆ ಮೊದಲ ಸಲ ಹಾಕಿದಂಥದೇ ಅಗ್ಗದ ನೈಟ್ರೈಲ್ ಸೀಲ್ ಅದರ ಮೇಲೆ ಎರಡು ಬೇಸಿಗೆ ಕಳೆದರೂ ಒಣಗಿಯೇ ಇದೆ. ಕಾರಿನಡಿ ಹಾಸಿದ ರಟ್ಟನ್ನು ಈಗಲೂ ಪ್ರತಿ ಬೆಳಿಗ್ಗೆ ನೋಡುತ್ತೇನೆ, ನೋಡಿ ಖುಷಿಪಡುತ್ತೇನೆ.

ಸೋರಿಕೆ ನಿಲ್ಲಿಸುವುದೆಂದು ಮಾರುವ ದ್ರವಗಳನ್ನು ನಾನು ಬಳಸಿಲ್ಲ. ಗೇರ್‌ಬಾಕ್ಸಿನ ಹಿಂದೆ ಓವರ್‌ಡ್ರೈವ್ ಎಂಬ ಹೆಚ್ಚುವರಿ ಗೇರ್ ಘಟಕ ಇರುವ ಕಾರಿಗಂತೂ ಬೇಡವೇ ಬೇಡ: ಅದರ ಕೋನ್ ಕ್ಲಚ್, ಅಂದರೆ ಶಂಕುವಿನಾಕಾರದ ಕ್ಲಚ್, ಆ ದ್ರವ ಬೆರೆಯುವ ಗೇರ್‌ಬಾಕ್ಸಿನ ಎಣ್ಣೆಯಲ್ಲೇ ಮುಳುಗಿ ಜಾರದೆ ಹಿಡಿಯಬೇಕು.

ನಿಮ್ಮ ಫ್ಲ್ಯಾಂಜಿನ ಮೇಲೆ ಉಗುರು ಎಲ್ಲೂ ಸಿಕ್ಕದಿದ್ದರೆ ಬರಿಯ ನೈಟ್ರೈಲ್ ಸಾಕು. ಬಿಚ್ಚುವ ಮೊದಲು ಗೇರ್‌ಬಾಕ್ಸಿನ ಬಾಲವನ್ನು ಚೆನ್ನಾಗಿ ಒರೆಸಿ, ಹತ್ತು ಮೈಲಿ ಓಡಿಸಿ ಬಂದು ನೋಡಿ. ಸ್ಪೀಡೋಮೀಟರ್ ಕೇಬಲ್ ಹೊಕ್ಕುವ ಜಾಗದಿಂದ ಇಳಿದ ಎಣ್ಣೆಯೂ ಹರಿದು ಬಂದು ಅಲ್ಲೇ ಹನಿಯುತ್ತದೆ.