ಅಳಿದುಹೋದ ಕ್ಷೇತ್ರ ಹುಡುಕುವವರಿಗೆ: ಚುನಾವಣಾ ಆಯೋಗದ ಹಳೆಯ ವರದಿಗಳು ಹೇಗಿವೆ?

‘ಬೆಂಗಳೂರು ಸಿಟಿ’ ಎಂಬ ಲೋಕಸಭಾ ಕ್ಷೇತ್ರ ಇದ್ದದ್ದು ಎರಡೇ ಸಾರ್ವತ್ರಿಕ ಚುನಾವಣೆಗಳಲ್ಲಿ, 1957 ಮತ್ತು 1962ರಲ್ಲಿ. ಇಂಥ ಕ್ಷೇತ್ರದ ಚರಿತ್ರೆ ಬೇಕಾದವರು ಮೊದಲು ತೆರೆಯಬೇಕಾದದ್ದು ಚುನಾವಣಾ ಆಯೋಗ ಉಚಿತವಾಗಿ ಕೊಡುವ ಅಂಕಿಅಂಶ ವರದಿಗಳನ್ನು. ಮೊದಲ ಚುನಾವಣೆಯಿಂದ ಹಿಡಿದು ಸಾರ್ವತ್ರಿಕ ಚುನಾವಣೆಗಳ ದಾಖಲೆ ಇವುಗಳಲ್ಲಿ ಸಿಗುತ್ತದೆ. ಆದರೆ ಇವುಗಳನ್ನು ಓದುವ ಕ್ರಮ ಗೊತ್ತಿಲ್ಲದಿದ್ದರೆ ತಪ್ಪು ಚರಿತ್ರೆ ಬರೆಯುವುದು ಬಹಳ ಸುಲಭ.

ಹಳೆಯ ವರದಿಗಳು ಎರಡು ಸಂಪುಟಗಳಲ್ಲಿವೆ. ಹೆಚ್ಚಿನವರು ಮೊದಲ ಸಂಪುಟದ ಫಲಿತಾಂಶ ನೋಡಿ ನಿಲ್ಲಿಸಿಬಿಡುತ್ತಾರೆ. ನಿಜವಾದ ಸರಕು ಇರುವುದು ಎರಡನೆಯದರಲ್ಲಿ. ಅಲ್ಲಿ ಒಂದೊಂದು ಕ್ಷೇತ್ರಕ್ಕೂ ಒಂದೊಂದು ಕೋಷ್ಟಕ: ನಾಮಪತ್ರ ಸಲ್ಲಿಸಿದವರು, ತಿರಸ್ಕೃತರಾದವರು, ವಾಪಸ್ ಪಡೆದವರು, ಠೇವಣಿ ಕಳೆದುಕೊಂಡವರು, ಮತದಾರರು, ಚಲಾವಣೆಯಾದ ಮತ, ಅಸಿಂಧು ಮತ, ಮತಗಟ್ಟೆಗಳ ಸಂಖ್ಯೆ, ಗೆಲುವಿನ ಅಂತರ. ಹಳೆಯ ವರ್ಷಗಳಲ್ಲಿ ಗಂಡಸರು, ಹೆಂಗಸರು ಎಂಬ ಅಂಕಣದಲ್ಲಿ ಸೊನ್ನೆ ಕಂಡರೆ ಹೆಂಗಸರು ಓಟು ಹಾಕಲಿಲ್ಲ ಅಂತ ತಿಳಿಯಬೇಡಿ, ಆ ವಿಂಗಡಣೆಯ ಲೆಕ್ಕ ಅಲ್ಲಿಲ್ಲ ಅಷ್ಟೆ.

ಹುಡುಕುವಾಗ ಕರ್ನಾಟಕ ಅಂತ ನೋಡಿದರೆ 1971ರವರೆಗಿನದು ಯಾವುದೂ ಸಿಗದು. ರಾಜ್ಯದ ಹೆಸರು ಬದಲಾದದ್ದು 1973ರ ನವೆಂಬರ್ 1ರಂದು, ಅದಕ್ಕೂ ಹಿಂದಿನ ಬೆಂಗಳೂರಿನ ಲೆಕ್ಕವೆಲ್ಲ ‘ಮೈಸೂರು’ ಶೀರ್ಷಿಕೆಯಡಿ ಇದೆ. ಮೊದಲ ಚುನಾವಣೆಗೆ 1951 ಎಂಬ ಇಸವಿ ಹಾಕಿದ್ದಾರೆ, ಮತದಾನ ಮುಗಿದದ್ದು 1952ರಲ್ಲಿ.

ಎಲ್ಲಕ್ಕಿಂತ ಹೆಚ್ಚು ಎಡವುವುದು ಕ್ಷೇತ್ರದ ಹೆಸರಿನಲ್ಲಿ. ಮೊದಲ ಚುನಾವಣೆಯಲ್ಲಿ ಬೆಂಗಳೂರು ಉತ್ತರ, ದಕ್ಷಿಣ ಇದ್ದವು. 1957ಕ್ಕೆ ಆ ಹೆಸರುಗಳು ಹೋಗಿ ‘ಬೆಂಗಳೂರು ಸಿಟಿ’ ಮತ್ತು ‘ಬೆಂಗಳೂರು’ ಬಂದವು. 1962ರಲ್ಲಿ ಸಿಟಿಯಿಂದ ಗೆದ್ದವರು ಕೆ. ಹನುಮಂತಯ್ಯ, ಪಕ್ಕದ ‘ಬೆಂಗಳೂರು’ ಕ್ಷೇತ್ರದಿಂದ ಎಚ್.ಸಿ. ದಾಸಪ್ಪ. 1967ಕ್ಕೆ ಸಿಟಿ ಎಂಬ ಹೆಸರೇ ಅಳಿಯಿತು, ಉಳಿದದ್ದು ‘ಬೆಂಗಳೂರು’ ಒಂದೇ. ಆಗಲೂ 1971ರಲ್ಲೂ ಗೆದ್ದವರು ಹನುಮಂತಯ್ಯ. 1977ಕ್ಕೆ ಉತ್ತರ, ದಕ್ಷಿಣ ಮರಳಿ ಬಂದವು. ಹೆಸರು ಅದೇ, ಗಡಿ ಅದಲ್ಲ! 1952ರ ಉತ್ತರವನ್ನೂ 1977ರ ಉತ್ತರವನ್ನೂ ಒಂದೇ ಗೆರೆಯಲ್ಲಿ ಜೋಡಿಸಿ ‘ಮತಪ್ರಮಾಣ ಇಷ್ಟು ಏರಿತು’ ಎಂದು ಬರೆದರೆ ಆ ಲೆಕ್ಕಕ್ಕೆ ಅರ್ಥವಿಲ್ಲ. ಈ ವರದಿಗಳ ದೊಡ್ಡ ಕೊರತೆಯೂ ಇದೇ. ಕ್ಷೇತ್ರದೊಳಗೆ ಯಾವ ಪ್ರದೇಶ ಸೇರಿತ್ತು ಎಂಬುದನ್ನು ಇವು ಹೇಳುವುದಿಲ್ಲ. ಅದಕ್ಕೆ ಆಯಾ ಕಾಲದ ಕ್ಷೇತ್ರ ಪುನರ್ವಿಂಗಡಣೆ ಆದೇಶವನ್ನು ಪಕ್ಕದಲ್ಲಿ ಇಟ್ಟುಕೊಂಡೇ ಕೂರಬೇಕು.

ಪಕ್ಷದ ಅಂಕಣದಲ್ಲೂ ಹಾಗೆಯೇ. 1977ರಲ್ಲಿ ಬೆಂಗಳೂರು ದಕ್ಷಿಣದಲ್ಲಿ ಹನುಮಂತಯ್ಯನವರನ್ನು ಸೋಲಿಸಿದ ಕೆ.ಎಸ್. ಹೆಗ್ಡೆಯವರ ಮುಂದೆ ‘ಬಿಎಲ್‌ಡಿ’ ಎಂದಿದೆ. ಜನತಾ ಪಕ್ಷ ಆ ಸಲ ಕಣಕ್ಕಿಳಿದದ್ದು ಭಾರತೀಯ ಲೋಕದಳದ ಚಿಹ್ನೆಯಲ್ಲಿ, ಅದಕ್ಕೇ ಹಾಗೆ. ಈ ಒಂದು ಸಂಗತಿ ತಿಳಿಯದಿದ್ದರೆ ‘ಜನತಾ’ ಅಂತ ಹುಡುಕಿದವರಿಗೆ ಆ ವರ್ಷ ರಾಜ್ಯದಲ್ಲಿ ಆ ಪಕ್ಷವೇ ಇರಲಿಲ್ಲವೇನೋ ಅನ್ನಿಸುತ್ತದೆ. 1971ರಲ್ಲಿ ಕಾಂಗ್ರೆಸ್ ಎಂದರೆ ಇಂದಿರಾ ಬಣ, ‘ಎನ್‌ಸಿಓ’ ಎಂದರೆ ಸಂಸ್ಥಾ ಕಾಂಗ್ರೆಸ್.

1957ರ ಬೆಂಗಳೂರನ್ನು ಮೈಸೂರಿನೊಂದಿಗೆ ಹೋಲಿಸುವವರು ಇನ್ನೊಂದು ಗಮನಿಸಬೇಕು. ಮೈಸೂರು ಆಗ ದ್ವಿಸದಸ್ಯ ಕ್ಷೇತ್ರ, ಒಬ್ಬ ಮತದಾರನಿಗೆ ಎರಡು ಓಟು. ಚಲಾವಣೆಯಾದ ಮತಗಳನ್ನು ಮತದಾರರ ಸಂಖ್ಯೆಯಿಂದ ನೇರ ಭಾಗಿಸಿದರೆ ಪ್ರಮಾಣ ಉಬ್ಬಿ ಕಾಣುತ್ತದೆ. ದ್ವಿಸದಸ್ಯ ಕ್ಷೇತ್ರಗಳು ರದ್ದಾದದ್ದು 1961ರ ಕಾಯ್ದೆಯಿಂದ, ಹಾಗಾಗಿ 1962ರಿಂದ ಈಚೆಗೆ ಈ ತೊಡಕಿಲ್ಲ.

ಉಪಚುನಾವಣೆಗಳು ಈ ಸಂಪುಟಗಳಲ್ಲಿ ಇಲ್ಲ, ಬೇರೆ ಕಡೆ ಹುಡುಕಬೇಕು. ನಗರದ ಅಂಚಿನಲ್ಲಿದ್ದು 2008ರ ಪುನರ್ವಿಂಗಡಣೆಯಲ್ಲಿ ಅಳಿದ ಕನಕಪುರವನ್ನೇ ನೋಡಿ. 1999ರ ವರದಿಯಲ್ಲಿ ಎಂ.ವಿ. ಚಂದ್ರಶೇಖರಮೂರ್ತಿ, 2004ರದ್ದರಲ್ಲಿ ತೇಜಸ್ವಿನಿ. ಮಧ್ಯೆ 2002ರ ಉಪಚುನಾವಣೆಯಲ್ಲಿ ಗೆದ್ದ ಎಚ್.ಡಿ. ದೇವೇಗೌಡರು ಕನಕಪುರದಿಂದ ಗೆದ್ದವರಾಗಿ ಎರಡರಲ್ಲೂ ಕಾಣುವುದಿಲ್ಲ. ಕನಕಪುರಕ್ಕೆ ಸೇರಿದ್ದ ಉತ್ತರಹಳ್ಳಿ ವಿಧಾನಸಭಾ ಕ್ಷೇತ್ರವೂ 2008ರಲ್ಲೇ ಹೋಯಿತು. ಈಗಿನ ‘ಬೆಂಗಳೂರು ದಕ್ಷಿಣ’ ವಿಧಾನಸಭಾ ಕ್ಷೇತ್ರ ಇರುವುದು ಬೆಂಗಳೂರು ದಕ್ಷಿಣ ಲೋಕಸಭೆಯಲ್ಲಿ ಅಲ್ಲ, ಬೆಂಗಳೂರು ಗ್ರಾಮಾಂತರದಲ್ಲಿ. ಹಳೆಯ ಅಂಕಿಗಳನ್ನು ಈಗಿನ ನಕ್ಷೆಗೆ ಹೊಂದಿಸುವವರು ಇಲ್ಲಿ ಎರಡು ಸಲ ನೋಡಬೇಕು.

ವರದಿಗಳಲ್ಲಿ ಹೆಸರುಗಳ ಕಾಗುಣಿತ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಅದೂ ಇಂಗ್ಲಿಷಿನಲ್ಲಿ. ಎರಡು ಸಲ ಬೆಂಗಳೂರಿನಿಂದ ಗೆದ್ದ ಒಬ್ಬರೇ ಸಂಸದರ ಹೆಸರು ಮೊದಲ ಸಲ ‘ಕೇಶವ ಅಯ್ಯಂಗಾರ್’, 1957ರ ಸಿಟಿಯಲ್ಲಿ ಬರೀ ‘ಎನ್. ಕೇಶವ’. ವ್ಯಕ್ತಿಯ ಹೆಸರು ಹಾಕಿ ಹುಡುಕುವುದಕ್ಕಿಂತ ವರ್ಷ, ರಾಜ್ಯ, ಕ್ಷೇತ್ರದ ಕ್ರಮಸಂಖ್ಯೆ ಹಿಡಿದು ಪುಟ ತಿರುವುವುದೇ ಮೇಲು. ಪ್ರತಿ ಪುನರ್ವಿಂಗಡಣೆಯ ನಂತರ ಕ್ರಮಸಂಖ್ಯೆಯನ್ನು ಹೊಸದಾಗಿ ನೋಡಿಕೊಳ್ಳಿ, ಹಳೆಯದನ್ನೇ ನಂಬಬೇಡಿ.