ಎಕ್ಸ್ ಕೌನ್ಸಿಲ್ ಫ್ಲಾಟ್‌ನಲ್ಲಿ 3 ವರ್ಷ: ಮನೆ ಚೆನ್ನಾಗಿದೆ, ಆದ್ರೆ ತಾರಸಿ ಸೋರಿದ್ರೆ ಯಾರನ್ನ ಕೇಳೋದು?

ಲಂಡನ್ನಿಗೆ ಹೊಸದಾಗಿ ಬರೋ ನಮ್ಮೋರು ಬಾಡಿಗೆ ಮನೆ ಹುಡುಕುವಾಗ ಜಾಹೀರಾತಲ್ಲಿ 'ಎಕ್ಸ್ ಕೌನ್ಸಿಲ್' (ಕೌನ್ಸಿಲ್ ಅಂದ್ರೆ ಇಲ್ಲಿನ ಸ್ಥಳೀಯ ಆಡಳಿತ, ಅವರು ಕಡಿಮೆ ಬಾಡಿಗೆಗೆ ಕೊಡೋಕೆ ಕಟ್ಸಿ ಆಮೇಲೆ ಮಾರಿದ ಮನೆ) ಅಂತ ನೋಡಿ ಹೆದರ್ಕೋತಾರೆ, ತಗೋಬಹುದಾ ಬೇಡ್ವಾ ಅಂತ ನನ್ನನ್ನ ಮೂರ್ನಾಲ್ಕು ಜನ ಕೇಳಿದಾರೆ, ಅದಕ್ಕೆ ಒಂದೇ ಸಲ ಬರೆದುಬಿಡೋಣ ಅಂತ ಕೂತಿದೀನಿ. ಇಂಥ ಒಂದು ಫ್ಲಾಟಲ್ಲಿ ನಾವು ಮೂರು ವರ್ಷದಿಂದ ಇದ್ದೀವಿ. ಏರಿಯಾ ಹೆಸರು, ಏಜೆಂಟ್ ಹೆಸರು ಹೇಳಲ್ಲ.

ಮೊದಲು ಮನೆ ವಿಷ್ಯ. ಬಿಲ್ಡಿಂಗನ್ನ 1972ರಲ್ಲಿ ಕೌನ್ಸಿಲ್‌ನವರು ಕಟ್ಸಿದ್ದು, ನಾಲ್ಕು ಮಹಡಿ, ನಮ್ದು ಎಲ್ಲಕ್ಕಿಂತ ಮೇಲಿನದು, ಎರಡು ಬೆಡ್‌ರೂಮ್. ಜಾಗ ಅಂದ್ರೆ ನಿಜವಾದ ಜಾಗ. ಇದೇ ಬಾಡಿಗೆಗೆ ನೋಡಿದ ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ಮಂಚ ಹಾಕಿದ್ರೆ ಬೀರು ಬಾಗಿಲು ತೆಗೆಯೋಕಾಗ್ತಿರ್ಲಿಲ್ಲ. ಇಲ್ಲಿ ಅಡುಗೆಮನೇಲೇ ಟೇಬಲ್ ಹಾಕ್ಕೊಂಡು ನಾಲ್ಕು ಜನ ಕೂತು ಊಟ ಮಾಡ್ತೀವಿ, ಸೂಟ್‌ಕೇಸು ಹಳೇ ಸಾಮಾನು ಇಡೋಕೆ ಬೇರೆ ಕೋಣೆಯೇ ಇದೆ. ಇದು ಆಕಸ್ಮಿಕ ಅಲ್ಲ. ಪಾರ್ಕರ್ ಮಾರಿಸ್ ಅಂತ 1961ರ ಒಂದು ವರದಿ, ಮನೆ ಇಂತಿಷ್ಟು ದೊಡ್ಡದಿರ್ಬೇಕು ಅಂತ ಅಳತೆ ಹೇಳಿತ್ತು, ನಾಲ್ಕು ಜನರ ಫ್ಲಾಟ್‌ಗೆ ಸುಮಾರು 70 ಚದರ ಮೀಟರ್, ಸಾಮಾನಿಗೆ ಪ್ರತ್ಯೇಕ ಜಾಗ, ಮನೆ ಬೆಚ್ಚಗಿಡೋಕೆ ಹೀಟಿಂಗ್. 1969ರಿಂದ ಅದು ಕೌನ್ಸಿಲ್ ಮನೆಗಳಿಗೆ ಕಡ್ಡಾಯ ಆಯ್ತು, 1980ರಲ್ಲಿ ಆ ಕಡ್ಡಾಯ ತೆಗೆದುಬಿಟ್ರು. ಆ ಹನ್ನೊಂದು ವರ್ಷದಲ್ಲಿ ಕಟ್ಟಿದ ಮನೆ ಸಿಕ್ರೆ ಜಾಗದ ಮಟ್ಟಿಗೆ ಕಣ್ಣು ಮುಚ್ಚಿ ತಗೊಳ್ಳಿ.

ಈಗ ಕಷ್ಟ. ಎರಡನೇ ಚಳಿಗಾಲದಲ್ಲಿ ಮಗಳ ರೂಮಿನ ಸೀಲಿಂಗ್ ತೊಟ್ಟಿಕ್ಕೋಕೆ ಶುರುವಾಯ್ತು. ಏಜೆಂಟ್‌ಗೆ ಹೇಳಿದ್ವಿ, ಅವರು ಓನರ್‌ಗೆ ಹೇಳಿದ್ರು, ಓನರ್ ಏನಂದ್ರು ಅಂದ್ರೆ ಮನೆ ಒಳಗಡೆ ಮಾತ್ರ ನಂದು, ತಾರಸಿ ಕೌನ್ಸಿಲ್‌ದು ಅಂತ. ಸರಿ, ಕೌನ್ಸಿಲ್‌ಗೆ ನಾನೇ ಫೋನ್ ಮಾಡ್ದೆ, ನೀವು ನಮ್ಮ ಟೆನೆಂಟ್ ಅಲ್ವಲ್ಲ, ನಿಮ್ಮ ಓನರ್ ನಮಗೆ ಬರೀಬೇಕು ಅಂದ್ರು. ಓನರ್ ಬರೆಯೋಕೆ ಮೂರು ವಾರ ತಗೊಂಡ್ರು. ಅಷ್ಟೊತ್ತಿಗೆ ಗೋಡೆ ಪೂರ್ತಿ ಬೂಷ್ಟು, ಮಗಳಿಗೆ ಕೆಮ್ಮು. ಬಾಡಿಗೆ ಮಾತ್ರ ಒಂದನೇ ತಾರೀಕು ತಪ್ಪದೆ ಹೋಗ್ತಿತ್ತು, ನನಗೆ ಬಹಳ ಸಿಟ್ಟು ಬಂದಿದ್ದು ಅದಕ್ಕೇ.

ಆಗ ಕೂತು ಲ್ಯಾಂಡ್ ರಿಜಿಸ್ಟ್ರಿ (ಆಸ್ತಿ ಯಾರ ಹೆಸರಲ್ಲಿದೆ ಅಂತ ದಾಖಲೆ ಇಡೋ ಸರ್ಕಾರಿ ಇಲಾಖೆ) ವೆಬ್‌ಸೈಟಿಂದ ಈ ಫ್ಲಾಟಿನ ದಾಖಲೆ ತೆಗೆಸ್ದೆ, ಕೆಲವೇ ಪೌಂಡ್, ಯಾರು ಬೇಕಾದ್ರೂ ತೆಗೆಸಬಹುದು. ನಿಜ ಹೇಳ್ಬೇಕಂದ್ರೆ ಎರಡು ಪುಟದಲ್ಲಿ ಈ ಮನೆ ಜಾತಕವೇ ಇತ್ತು. 1988ರಿಂದ 125 ವರ್ಷದ ಲೀಸು (ನಮ್ಮ ಕಡೆ ದುಡ್ಡು ಕೊಟ್ಟು ಎರಡು ಮೂರು ವರ್ಷಕ್ಕೆ ಹಾಕ್ಕೊಳ್ಳೋ ಲೀಸ್ ಅಲ್ಲ ಇದು, ಮನೆ ಕೊಂಡುಕೊಂಡ ಹಾಗೇನೇ), ನೆಲದ ಬಾಡಿಗೆ ವರ್ಷಕ್ಕೆ 10 ಪೌಂಡ್, ಲೀಸ್ ಕೊಟ್ಟೋರು ಕೌನ್ಸಿಲ್, ತಗೊಂಡೋರು ಒಬ್ಬ ಗಂಡ ಹೆಂಡತಿ. ಬಿಲ್ಡಿಂಗು, ತಾರಸಿ, ಮೆಟ್ಟಿಲು ಇವತ್ತಿಗೂ ಕೌನ್ಸಿಲ್ ಹೆಸರಲ್ಲೇ.

ಆ ದಂಪತಿ ಯಾರು ಅಂತ ಹೇಳಿದ್ದು ಎದುರು ಮನೆ ಅಜ್ಜಿ. ಕಟ್ಟಿದ ವರ್ಷದಿಂದ ಇಲ್ಲೇ ಇದಾರೆ, ಇವತ್ತಿಗೂ ಕೌನ್ಸಿಲ್ ಟೆನೆಂಟ್. ಆ ದಂಪತಿನೂ ಅದೇ ವರ್ಷ ಬಂದಿದ್ರಂತೆ, ಗಂಡ ಬಸ್ ಡ್ರೈವರ್. 1980ರ ಹೌಸಿಂಗ್ ಆಕ್ಟ್‌ನಲ್ಲಿ ಥ್ಯಾಚರ್ ಸರ್ಕಾರ 'ರೈಟ್ ಟು ಬೈ' ತಂತಲ್ಲ, ಮೂರು ವರ್ಷ ಬಾಡಿಗೆಗಿದ್ದೋರು ಇದ್ದ ಮನೇನ ಮೂರನೇ ಒಂದು ಭಾಗದಿಂದ ಅರ್ಧದವರೆಗೂ ಕಡಿಮೆ ಬೆಲೆಗೆ ಕೊಂಡ್ಕೋಬಹುದಿತ್ತು, 1986ರಲ್ಲಿ ಫ್ಲಾಟ್‌ಗಳಿಗೆ ಆ ಡಿಸ್ಕೌಂಟನ್ನ 70 ಪರ್ಸೆಂಟ್‌ವರೆಗೂ ಏರಿಸಿದ್ರು. ಡ್ರೈವರ್ ತಗೊಂಡ್ರು. ಅಜ್ಜಿ ಗಂಡ ಸಾಲ ಬೇಡ ಅಂದ್ರು. ಡ್ರೈವರ್ ರಿಟೈರ್ ಆದ್ಮೇಲೆ ಮಾರಿಕೊಂಡು ಮಗನ ಊರಿಗೆ ಹೋದ್ರು, ಕೊಂಡೋರು ಇನ್ನೊಬ್ಬರಿಗೆ ಮಾರಿದ್ರು, ಅವರಿಂದ ನಮ್ಮ ಓನರ್ ಕೈಗೆ ಬಂತು. ಅವರು ಈ ಬಿಲ್ಡಿಂಗಲ್ಲಿ ಒಂದು ರಾತ್ರಿನೂ ಮಲಗಿಲ್ಲ. ನಾನು ತಿಂಗಳಿಗೆ 1,750 ಪೌಂಡ್ ಕೊಡ್ತೀನಿ, ಎದುರುಗಡೆ ಅದೇ ಅಳತೆ ಮನೆಗೆ ಅಜ್ಜಿ ವಾರಕ್ಕೆ 130ರ ಹತ್ರ ಕೊಡ್ತಾರೆ. ಅಜ್ಜಿ ಮೇಲೆ ನನಗೆ ಎಳ್ಳಷ್ಟೂ ಹೊಟ್ಟೆಕಿಚ್ಚಿಲ್ಲ, ಬಾಡಿಗೆ ಅಂದ್ರೆ ಅಷ್ಟೇ ಇರ್ಬೇಕು. ಇಂಗ್ಲೆಂಡಲ್ಲಿ ಹೀಗೆ ಸುಮಾರು 20 ಲಕ್ಷ ಮನೆ ಮಾರಾಟ ಆಗಿದೆ, ಡ್ರೈವರ್ ಥರ ಬದುಕಿಗೊಂದು ನೆಲೆ ಕಂಡುಕೊಂಡೋರನ್ನ ನಾನ್ಯಾಕೆ ಬೈಲಿ, ಆದ್ರೆ ಮಾರಿದಷ್ಟು ಮನೆ ತಿರುಗಿ ಕಟ್ಟಲಿಲ್ಲ, ಬಂದ ದುಡ್ಡಲ್ಲಿ ದೊಡ್ಡ ಪಾಲನ್ನ ಕೌನ್ಸಿಲ್‌ನವರು ತಮ್ಮ ಸಾಲ ತೀರಿಸೋಕೇ ಎತ್ತಿಡ್ಬೇಕು ಅಂತ ಸರ್ಕಾರ ನಿಯಮ ಮಾಡ್ತು, ನನ್ನ ಕೋಪ ಅದರ ಮೇಲೆ. ಸ್ಕಾಟ್ಲೆಂಡ್ 2016ರಲ್ಲಿ, ವೇಲ್ಸ್ 2019ರಲ್ಲಿ ಈ ಸ್ಕೀಮನ್ನೇ ನಿಲ್ಲಿಸಿದವು. ಇಂಗ್ಲೆಂಡಲ್ಲಿ 2024 ನವೆಂಬರ್‌ನಲ್ಲಿ ಡಿಸ್ಕೌಂಟ್ ಕತ್ತರಿಸಿದ್ರು, ಲಂಡನ್ನಲ್ಲಿ 1,36,400 ಪೌಂಡ್‌ವರೆಗೂ ಇದ್ದಿದ್ದು ಬಹುಪಾಲು ಕಡೆ 16,000ಕ್ಕೆ ಇಳೀತು.

ಪಕ್ಕದ ಬ್ಲಾಕ್ ಕಥೆ ಬೇರೆ. ಟೆನೆಂಟ್‌ಗಳ ಓಟ್ ಹಾಕ್ಸಿ ಪೂರ್ತಿ ಬ್ಲಾಕನ್ನೇ ಹೌಸಿಂಗ್ ಅಸೋಸಿಯೇಷನ್‌ಗೆ (ಲಾಭಕ್ಕಲ್ಲದೆ ಕಡಿಮೆ ಬಾಡಿಗೆಗೆ ಮನೆ ಕೊಡೋ ಸಂಸ್ಥೆ) ಕೊಟ್ರು, ಇಂಥ ವರ್ಗಾವಣೆ 1988ರ ಕೊನೇಲಿ ಚಿಲ್ಟರ್ನ್ ಅನ್ನೋ ಕಡೆಯಿಂದ ಶುರುವಾಗಿದ್ದು. ಅಲ್ಲಿ ಕಿಟಕಿ ಎಲ್ಲ ಹೊಸದು, ನಮ್ದು ಗಾಳಿ ಬಂದ್ರೆ ಅದುರುತ್ತೆ. ಒಂದೇ ಅಂಗಳ, ಎರಡು ಥರದ ಯಜಮಾನಿಕೆ.

ತಾರಸಿ ಕೊನೆಗೂ ರಿಪೇರಿ ಆಯ್ತು, ಐದು ತಿಂಗಳಿಗೆ. ಅದೂ ಹೇಗೆ? ಅಜ್ಜಿ ಮನೇಲೂ ಒಂದು ಮೂಲೆ ಒದ್ದೆಯಾಗಿತ್ತು, ಅವರು ಟೆನೆಂಟ್ ಅಂತ ಫೋನ್ ಮಾಡಿದ್ರು, ಎರಡು ವಾರದಲ್ಲಿ ಜನ ಬಂದ್ರು, ಬಂದೋರು ನಮ್ಮ ಕಡೆನೂ ಮುಚ್ಚಿ ಹೋದ್ರು. ಈಗ ಪೂರ್ತಿ ತಾರಸಿ ಹೊಸದು ಮಾಡ್ತೀವಿ ಅಂತ ಸೆಕ್ಷನ್ 20 ನೋಟಿಸ್ ಬಂದಿದೆಯಂತೆ, ಒಬ್ಬೊಬ್ಬ ಲೀಸ್‌ಹೋಲ್ಡರ್ (ನಮ್ಮ ಓನರ್ ಥರ ಲೀಸ್ ಇರೋರು) ಪಾಲಿಗೆ 250 ಪೌಂಡ್ ಮೀರೋ ಕೆಲಸಕ್ಕೆ ಹಾಗೆ ಮೊದಲೇ ತಿಳಿಸಿ ಅಭಿಪ್ರಾಯ ಕೇಳ್ಬೇಕು. ಓನರ್ ಪಾಲಿಗೆ ದೊಡ್ಡ ಮೊತ್ತ ಬರುತ್ತೆ, ಬಾಡಿಗೆ ಏರಿಸ್ತಾರೇನೋ ಅನ್ನೋ ಭಯ ನಮಗಿದೆ.

ನನ್ನ ಮಾರ್ಕ್ಸ್: ಮನೆಗೆ 5ಕ್ಕೆ ನಾಲ್ಕೂವರೆ, ಅಕ್ಕಪಕ್ಕದೋರಿಗೆ 5ಕ್ಕೆ 5, ರಿಪೇರಿಗೆ ಒಂದೂವರೆ. ತಗೊಳ್ಳಿ, ಬೇಡ ಅನ್ನಲ್ಲ. ಆದ್ರೆ ಸಹಿ ಹಾಕೋ ಮುಂಚೆ ರಿಜಿಸ್ಟ್ರಿ ದಾಖಲೆ ತೆಗೆಸಿ, ಬಿಲ್ಡಿಂಗ್ ಕೌನ್ಸಿಲ್‌ದಾ ಅಸೋಸಿಯೇಷನ್‌ದಾ ನೋಡಿ, ಸೋರಿದ್ರೆ ಕೌನ್ಸಿಲ್‌ಗೆ ಎಷ್ಟು ದಿನದೊಳಗೆ ಬರೀತೀರ ಅಂತ ಓನರ್ ಹತ್ರ ಇಮೇಲಲ್ಲೇ ಬರೆಸ್ಕೊಳ್ಳಿ. ಮೇಲಿನ ಮಹಡಿ ಆದ್ರೆ ಮಳೆ ಬಂದ ಮಾರನೇ ದಿನ ಮನೆ ನೋಡೋಕೆ ಹೋಗಿ, ಮೂಲೆಗಳನ್ನ ಕೈಯಿಟ್ಟು ಮುಟ್ಟಿ ನೋಡಿ.